ಹೊಕ್ಕುಳಲ್ಲಿ ಕೈಗೆ ಸಿಕ್ಕ ಗಂಟು

ಆಪರೇಷನ್ನಿಗೆ ಮುಂಚೆ ರೋಗಿಯ ಹೊಟ್ಟೆಯನ್ನು ಸೋಪುನೀರು ಹಾಕಿ ತಿಕ್ಕಿ ತೊಳೆಯುವುದು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸವಲ್ಲ. ಅದರಲ್ಲೂ ಹೊಕ್ಕುಳು ಬಲು ಕಿರಿಕಿರಿಯ ಜಾಗ. ಸುಕ್ಕಿನ ಸಂದಿಯಲ್ಲಿ ವರ್ಷಗಳ ಕೊಳೆ ಕೂತಿರುತ್ತದೆ. ಬೆರಳಿಗೆ ಬಟ್ಟೆ ಸುತ್ತಿ, ಒಳಗೆ ತಿರುಗಿಸಿ ತೆಗೆಯಬೇಕು. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, 1890ರ ನಂತರದ ವರ್ಷಗಳಲ್ಲಿ, ಈ ಕೆಲಸ ಮಾಡುತ್ತಿದ್ದ ಕೈಗಳಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಕೈಯೂ ಇತ್ತು. ಆ ಕೈಗೆ ಒಂದು ಸಂಗತಿ ಗೊತ್ತಾಯಿತು. ಕೆಲವು ರೋಗಿಗಳ ಹೊಕ್ಕುಳಲ್ಲಿ ಗುಂಡಿಯಂತೆ ಗಟ್ಟಿಯಾದ ಸಣ್ಣ ಗಂಟೊಂದು ತಗಲುತ್ತಿತ್ತು. ಅಂಥವರ ಹೊಟ್ಟೆ ತೆರೆದಾಗ ಒಳಗೆ ಜಠರದ ಕ್ಯಾನ್ಸರ್ ಹರಡಿ ಕೂತಿರುತ್ತಿತ್ತು. ಸರ್ಜನ್ನರಿಗೆ ಮಾಡಲು ಏನೂ ಉಳಿದಿರುತ್ತಿರಲಿಲ್ಲ. ತೆರೆದ ಹೊಟ್ಟೆಯನ್ನು ಹಾಗೆಯೇ ಹೊಲಿಯುತ್ತಿದ್ದರು.

ಆಕೆಯ ಹೆಸರು ಸಿಸ್ಟರ್ ಮೇರಿ ಜೋಸೆಫ್. ಹುಟ್ಟುಹೆಸರು ಜೂಲಿಯಾ ಡೆಂಪ್ಸಿ. 1856ರಲ್ಲಿ ನ್ಯೂಯಾರ್ಕ್ ರಾಜ್ಯದ ಸಲಮಾಂಕಾದಲ್ಲಿ ಹುಟ್ಟಿ, 1878ರಲ್ಲಿ ಸೇಂಟ್ ಫ್ರಾನ್ಸಿಸರ ಹೆಸರಿನ ಸನ್ಯಾಸಿನಿಯರ ಸಂಘ ಸೇರಿದ ಆಕೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1883ರ ಆಗಸ್ಟಿನಲ್ಲಿ ರಾಚೆಸ್ಟರಿಗೆ ಸುಂಟರಗಾಳಿ ಬಡಿದು ಊರು ಚೆಲ್ಲಾಪಿಲ್ಲಿಯಾದಾಗ ಗಾಯಾಳುಗಳನ್ನು ಮಲಗಿಸಲು ಅಲ್ಲೊಂದು ಆಸ್ಪತ್ರೆಯೂ ಇರಲಿಲ್ಲ. ನಾವು ಕಟ್ಟಡ ಕಟ್ಟಿ ನಡೆಸುತ್ತೇವೆ, ವೈದ್ಯಕೀಯ ನಿಮ್ಮದು ಎಂದು ಸಂಘದ ಮುಖ್ಯಸ್ಥೆ ಮದರ್ ಆಲ್‌ಫ್ರೆಡ್ ಊರಿನ ಹಿರಿಯ ಡಾಕ್ಟರ್ ಮೇಯೋ ಅವರನ್ನು ಒಪ್ಪಿಸಿದರು. 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆ ಬಾಗಿಲು ತೆರೆಯಿತು. ಶಾಲೆಯ ಮೇಡಂ ನರ್ಸಾದರು. ಹಿರಿಯ ಮೇಯೋರ ಮಗ ವಿಲಿಯಂ ಮೇಯೋಗೆ 1890ರಿಂದ 1915ರವರೆಗೆ, ಅಂದರೆ ಇಪ್ಪತ್ತೈದು ವರ್ಷ, ಆಪರೇಷನ್ ಟೇಬಲ್ಲಿನ ಎದುರುಬದಿಯಲ್ಲಿ ನಿಂತ ಮೊದಲ ಸಹಾಯಕಿ ಆಕೆಯೇ. ಇಂದು ಜಗತ್ತಿಗೆ ಗೊತ್ತಿರುವ ಮೇಯೋ ಕ್ಲಿನಿಕ್ ಬೆಳೆದದ್ದು ಆ ಟೇಬಲ್ಲಿನ ಸುತ್ತ.

ವಿಲಿಯಂ ಮೇಯೋ ಈ ಗಂಟಿನ ಬಗ್ಗೆ ಬರೆದದ್ದು 1928ರಲ್ಲಿ. ಅದಕ್ಕೆ ಅವರು ಕೊಟ್ಟ ಹೋಲಿಕೆ ಪ್ಯಾಂಟಿನ ಗುಂಡಿಯದು. ಹೊಕ್ಕುಳಿನ ಗಂಟುಗಳನ್ನು ಅವರಿಗಿಂತ ಹಿಂದೆ ಯಾರೂ ನೋಡಿರಲಿಲ್ಲ ಎಂದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನ ವೈದ್ಯಗ್ರಂಥಗಳಲ್ಲೇ ಪ್ರಸ್ತಾಪವಿದೆ. ಆದರೆ ಅದನ್ನೊಂದು ಗುರುತೆಂದು, ಒಳಗಿನ ಸುದ್ದಿಯನ್ನು ಹೊರಗೆ ಹೇಳುವ ಚಿಹ್ನೆಯೆಂದು ಓದಿದ್ದು ಸಿಸ್ಟರ್. ಬ್ರಿಟನ್ನಿನ ಸರ್ಜನ್ ಹ್ಯಾಮಿಲ್ಟನ್ ಬೇಯ್ಲಿ 1949ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಸ್ಟರ್ ಜೋಸೆಫ್ ಗಂಟು ಎಂದು ಹೆಸರಿಟ್ಟರು. ವೈದ್ಯವಿಜ್ಞಾನದಲ್ಲಿ ರೋಗಚಿಹ್ನೆಗಳಿಗೆ ಇರುವ ನೂರಾರು ಹೆಸರುಗಳಲ್ಲಿ ಬಹುಪಾಲು ಗಂಡಸರವು, ಅದರಲ್ಲೂ ಡಾಕ್ಟರರವು. ಒಬ್ಬ ನರ್ಸಿನ ಹೆಸರು ಹೊತ್ತ ಚಿಹ್ನೆ ತೀರ ಅಪರೂಪ. ತೊಳೆಯುವ ಕೈಗೆ ಸಿಕ್ಕ ಗೌರವ ಇದು ಎಂದು ನಾನು ಎಣಿಸುತ್ತೇನೆ.

ಹೊಕ್ಕುಳೇ ಏಕೆ? ಹೊಟ್ಟೆಯ ಗೋಡೆಯಲ್ಲಿ ಅಷ್ಟು ತೆಳುವಾದ ಜಾಗ ಇನ್ನೊಂದಿಲ್ಲ. ಬೇರೆಡೆ ಚರ್ಮ, ಕೊಬ್ಬು, ಸ್ನಾಯುವಿನ ಪದರಗಳು, ಆಮೇಲೆ ಕರುಳನ್ನು ಹೊದ್ದ ಒಳಪೊರೆ. ಹೊಕ್ಕುಳಿನ ತಳದಲ್ಲಿ ಕೊಬ್ಬೂ ಇಲ್ಲ, ಸ್ನಾಯುವೂ ಇಲ್ಲ. ಚರ್ಮ ಮತ್ತು ಒಳಪೊರೆ ಬಹುಮಟ್ಟಿಗೆ ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ಇನ್ನೊಂದು ಕಾರಣ ಗರ್ಭದ ಕಾಲದ್ದು. ಮಾಸಿನಿಂದ ರಕ್ತವನ್ನು ಮಗುವಿನ ಯಕೃತ್ತಿನ ಕಡೆಗೆ ಒಯ್ಯುತ್ತಿದ್ದ ರಕ್ತನಾಳ, ಮೂತ್ರಕೋಶದ ತುದಿಯಿಂದ ಹೊಕ್ಕುಳಿಗೆ ಹೋಗಿದ್ದ ಕೊಳವೆ, ಕರುಳಿನಿಂದ ಹೊರಟಿದ್ದ ಇನ್ನೊಂದು ನಾಳ — ಹುಟ್ಟುವ ಮುಂಚೆಯೋ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೋ ಇವು ಮುಚ್ಚಿಹೋಗುತ್ತವೆ, ಕೆಲವು ಹುರಿಯಂತಾಗಿ ಉಳಿಯುತ್ತವೆ. ಹಾಳುಬಿದ್ದ ಹಳೇ ದಾರಿಗಳು. ಜನಸಂಚಾರ ನಿಂತಿದ್ದರೂ ದಾರಿ ಅಳಿದಿಲ್ಲ. ಜಠರ, ಅಂಡಾಶಯ, ದೊಡ್ಡಕರುಳು, ಮೇದೋಜೀರಕಾಂಗಗಳ ಕ್ಯಾನ್ಸರ್ ಕೋಶಗಳು ಈ ಹುರಿಗಳ ಗುಂಟ, ಅವುಗಳ ಪಕ್ಕದ ದುಗ್ಧನಾಳಗಳ ಗುಂಟ, ಅಥವಾ ಒಳಪೊರೆಯ ಮೇಲಿಂದ ನೇರವಾಗಿ ಹೊಕ್ಕುಳಿಗೆ ಬಂದು ತಲುಪಬಲ್ಲವು. ಗಂಡಸರಲ್ಲಿ ಜಠರದಿಂದ, ಹೆಂಗಸರಲ್ಲಿ ಅಂಡಾಶಯದಿಂದ ಬರುವುದು ಹೆಚ್ಚು.

ಇಷ್ಟು ಓದಿದವರು ಈಗ ತಮ್ಮ ಹೊಕ್ಕುಳಿಗೆ ಬೆರಳು ಹಾಕಿರುತ್ತೀರಿ. ಹಾಕಿ, ತೊಂದರೆಯಿಲ್ಲ. ಅಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಹರ್ನಿಯಾ, ಒಣಗಿ ಕಲ್ಲಾದ ಕೊಳೆ, ಹಳೇ ಗಾಯದ ಉಬ್ಬು ಇಂಥವು. ತಿಂಗಳ ಮುಟ್ಟಿನ ಹೊತ್ತಿಗೆ ಊದಿ ನೋಯುವ, ರಕ್ತ ಒಸರುವ ಗಂಟೂ ಉಂಟು. ಅದು ಗರ್ಭಕೋಶದ ಒಳಪದರದ ತುಣುಕು ಅಲ್ಲಿ ಬಂದು ಬೇರೂರಿದ್ದು, ಕ್ಯಾನ್ಸರ್ ಅಲ್ಲವೇ ಅಲ್ಲ.

ಹೊಕ್ಕುಳು ಒಂದು ವಿಶೇಷ ಸಂದರ್ಭ ಮಾತ್ರ. ಒಳಗಿನ ಅಂಗದ ಕ್ಯಾನ್ಸರ್ ದೇಹದ ಯಾವ ಭಾಗದ ಚರ್ಮಕ್ಕೆ ಬೇಕಾದರೂ ಬಂದೀತು. ಆದರೆ ಬರುವುದು ಕಡಿಮೆ. ಅಮೆರಿಕದ ಲುಕಿಂಗ್‌ಬಿಲ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 7,316 ಕ್ಯಾನ್ಸರ್ ರೋಗಿಗಳ ಪೈಕಿ ಚರ್ಮದಲ್ಲಿ ಕ್ಯಾನ್ಸರ್ ಕಂಡದ್ದು 367 ಮಂದಿಗೆ, ಅಂದರೆ ನೂರಕ್ಕೆ ಐವರಿಗೆ. ಕಾಯಿಲೆಯ ಮೊಟ್ಟಮೊದಲ ಸೂಚನೆಯೇ ಚರ್ಮದ್ದಾಗಿದ್ದವರು ಇನ್ನೂ ಕಡಿಮೆ: 59 ಜನ, ನೂರಕ್ಕೆ ಒಬ್ಬರಿಗಿಂತ ಕೆಳಗೆ. ಅದಕ್ಕೂ ಹಿಂದೆ, 1972ರಲ್ಲಿ, ಬ್ರೌನ್‌ಸ್ಟೈನ್ ಮತ್ತು ಹೆಲ್ವಿಗ್ ಎಂಬಿಬ್ಬರು 724 ರೋಗಿಗಳ ಚರ್ಮದ ಗಂಟುಗಳನ್ನು ಪರೀಕ್ಷಿಸಿ ಅವು ಯಾವ ಅಂಗದಿಂದ ಬಂದವು ಎಂದು ಪಟ್ಟಿ ಮಾಡಿದ್ದರು. ಹೆಂಗಸರಲ್ಲಿ ನೂರಕ್ಕೆ 69 ಸ್ತನದಿಂದ ಬಂದಿದ್ದವು. ಗಂಡಸರಲ್ಲಿ ಶ್ವಾಸಕೋಶ 24, ದೊಡ್ಡಕರುಳು 19, ಮತ್ತು ನಾವು ಗಮನಿಸಬೇಕಾದ್ದು, ಬಾಯಿಯ ಕ್ಯಾನ್ಸರ್ 12.

ಗಮನಿಸಬೇಕಾದ್ದು ಏಕೆಂದರೆ, ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರೇ. ಕಾರಣ ಹೇಳಬೇಕಾಗಿಲ್ಲ, ತಂಬಾಕು, ಗುಟ್ಕಾ, ಅಡಿಕೆ. ಕೆನ್ನೆಯ ಒಳಗೋಡೆಗೂ ಹೊರಗಿನ ಚರ್ಮಕ್ಕೂ ನಡುವೆ ಇರುವುದು ಒಂದು ಬೆರಳಿನ ದಪ್ಪದ ಮಾಂಸ. ಒಳಗಿನ ಹುಣ್ಣು ಆ ದಾರಿಯನ್ನು ಕೊರೆದು ಕೆನ್ನೆಯ ಹೊರಗೆ ಬಾಯಿಬಿಟ್ಟುಕೊಂಡು, ಕುಡಿದ ನೀರು ಕೆನ್ನೆಯಿಂದ ಸೋರುವ ಸ್ಥಿತಿಯಲ್ಲಿ ರೋಗಿಗಳು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಿಗೆ ಬರುವುದು ಹೊಸದೇನಲ್ಲ. ಇದನ್ನು ಶಾಸ್ತ್ರೀಯವಾಗಿ ದೂರ ಹರಡುವಿಕೆ ಎನ್ನುವುದಿಲ್ಲ, ಪಕ್ಕದ ಮನೆಗೆ ಗೋಡೆ ಒಡೆದು ನುಗ್ಗಿದ ಹಾಗೆ ಅಷ್ಟೆ. ನಿಜವಾದ ದೂರ ಪ್ರಯಾಣ ಬೇರೆ. ಅದರ ಕಥೆ ಬೇರೆ.

ಆ ಕಥೆಯಲ್ಲಿ ಅಪ್ಪ ಮಗ ಇಬ್ಬರಿದ್ದಾರೆ. ಅಪ್ಪ ಜೇಮ್ಸ್ ಪ್ಯಾಜೆಟ್, ಲಂಡನ್ನಿನ ಹೆಸರಾಂತ ಸರ್ಜನ್. 1874ರಲ್ಲಿ ಆತ ಸುಮಾರು ಹದಿನೈದು ಹೆಂಗಸರ ವಿಷಯ ಬರೆದ. ಅವರ ಮೊಲೆತೊಟ್ಟಿನ ಮೇಲೆ ಕಜ್ಜಿಯಂಥ ಕೆಂಪು ಹುಣ್ಣು, ಏನು ಹಚ್ಚಿದರೂ ವಾಸಿಯಾಗದು. ಎರಡು ವರ್ಷದೊಳಗೆ ಪ್ರತಿಯೊಬ್ಬರಿಗೂ ಅದೇ ಸ್ತನದಲ್ಲಿ ಕ್ಯಾನ್ಸರ್ ಕಂಡಿತು. ಚರ್ಮ ಮೊದಲೇ ಹೇಳಿತ್ತು ಎಂಬುದನ್ನು ಅಪ್ಪ ಗಮನಿಸಿದ್ದ. ಮಗ ಸ್ಟೀಫನ್ ಪ್ಯಾಜೆಟ್ ಕೇಳಿಕೊಂಡ ಪ್ರಶ್ನೆ ಇನ್ನೊಂದು. 1889ರಲ್ಲಿ, ರಾಚೆಸ್ಟರಿನ ಆಸ್ಪತ್ರೆ ಶುರುವಾದ ವರ್ಷವೇ, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಗುಡ್ಡೆಹಾಕಿಕೊಂಡು ಎಣಿಸಿದ. ಯಕೃತ್ತಿನಲ್ಲಿ ಕ್ಯಾನ್ಸರ್ ಇದ್ದವರು 241. ಗುಲ್ಮದಲ್ಲಿ ಇದ್ದವರು 17. ಗುಲ್ಮಕ್ಕೇನು ರಕ್ತ ಕಡಿಮೆಯೇ? ಇಲ್ಲ, ಅದೂ ರಕ್ತದಲ್ಲೇ ಮುಳುಗಿರುವ ಅಂಗ. ರಕ್ತ ಒಯ್ದಲ್ಲೆಲ್ಲ ಕ್ಯಾನ್ಸರ್ ಬೆಳೆಯುವುದಾದರೆ ಇಷ್ಟು ಅಂತರ ಬರಬಾರದು. ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ತೀರ್ಮಾನಕ್ಕೆ ಆತ ಬಂದ.

ಈ ಮಾತು ಬಿಜಾಪುರ ಗದಗಿನ ಕಡೆಯ ರೈತನಿಗೆ ಹೇಳಿದರೆ ಇದರಲ್ಲಿ ಹೊಸದೇನು ಎಂದಾನು. ಎರೆಹೊಲದಲ್ಲಿ ಬಿಳಿಜೋಳ, ಮಸಾರಿಯಲ್ಲಿ ಶೇಂಗಾ. ಬೀಜ ಎಷ್ಟೇ ಚೆನ್ನಾಗಿದ್ದರೂ ಮಣ್ಣು ಒಪ್ಪಬೇಕು. ವೈದ್ಯಲೋಕ ಮಾತ್ರ ಅದನ್ನು ಬಹಳ ಕಾಲ ಒಪ್ಪಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ವಾದಿಸಿದ್ದು ಮಣ್ಣಿನ ಮಾತೇ ಬೇಡ ಎಂದು: ಇದೆಲ್ಲ ಕೊಳಾಯಿಯ ಲೆಕ್ಕ, ರಕ್ತ ಹೋಗುವ ದಾರಿಯಲ್ಲಿ ಮೊದಲು ಸಿಗುವ ಜರಡಿಯಲ್ಲಿ ಕೋಶ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ಆತನ ಮಾತಿನಲ್ಲೂ ಹುರುಳಿತ್ತು. ಅತಿ ಸಣ್ಣ ರಕ್ತನಾಳದ ಅಗಲ ಕೆಂಪು ರಕ್ತಕಣದಷ್ಟೇ, ಏಳೆಂಟು ಮೈಕ್ರಾನ್. ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಅದರ ಎರಡರಷ್ಟು ದಪ್ಪ. ಸಿಕ್ಕಿಕೊಳ್ಳದೆ ಏನು ಮಾಡೀತು?

ಸಿಕ್ಕಿಕೊಂಡರೂ ಬದುಕಬೇಕಲ್ಲ. ಐಸಾಯಾ ಫಿಡ್ಲರ್ 1970ರಲ್ಲಿ ಕ್ಯಾನ್ಸರ್ ಕೋಶಗಳಿಗೆ ವಿಕಿರಣದ ಗುರುತು ಹಚ್ಚಿ ಇಲಿಯ ರಕ್ತಕ್ಕೆ ಬಿಟ್ಟು ಎಣಿಸಿದರು. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಸಾವಿರಕ್ಕೆ ಒಂದೂ ಉಳಿದಿರಲಿಲ್ಲ. ಗಡ್ಡೆಯಾಗಿ ಬೆಳೆದವು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ರಕ್ತದ ರಭಸಕ್ಕೆ ಹರಿದುಹೋದವು, ರಕ್ಷಕ ಕೋಶಗಳ ಬಾಯಿಗೆ ಬಿದ್ದವು, ಹಿಡಿದುಕೊಳ್ಳಲು ಆಸರೆಯಿಲ್ಲದೆ ಸತ್ತವು. ಹತ್ತು ವರ್ಷದ ನಂತರ, 1980ರಲ್ಲಿ, ಫಿಡ್ಲರ್ ಮತ್ತು ಇಯಾನ್ ಹಾರ್ಟ್ ಮಾಡಿದ ಪ್ರಯೋಗ ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲೇ ಸೊಗಸಾದದ್ದು. ಇಲಿಯ ಸ್ನಾಯುವಿನೊಳಗೆ ಶ್ವಾಸಕೋಶದ ಒಂದು ಚೂರು, ಅಂಡಾಶಯದ ಒಂದು ಚೂರು, ಮೂತ್ರಪಿಂಡದ ಒಂದು ಚೂರನ್ನು ಕಸಿ ಮಾಡಿದರು. ಎಲ್ಲಕ್ಕೂ ರಕ್ತ ಸಂಪರ್ಕ ಕೂಡಿಕೊಂಡ ಮೇಲೆ ಮೆಲನೋಮ ಎಂಬ ಕ್ಯಾನ್ಸರಿನ ಕೋಶಗಳನ್ನು ರಕ್ತಕ್ಕೆ ಬಿಟ್ಟರು. ಅಸಲಿ ಶ್ವಾಸಕೋಶದಲ್ಲೂ ಗಡ್ಡೆ ಬಂತು, ಸ್ನಾಯುವಿನಲ್ಲಿ ಹುದುಗಿಸಿದ ಶ್ವಾಸಕೋಶ ಮತ್ತು ಅಂಡಾಶಯದ ಚೂರುಗಳಲ್ಲೂ ಬಂತು. ಮೂತ್ರಪಿಂಡದ ಚೂರಿನಲ್ಲಿ ಬರಲಿಲ್ಲ. ಜಾಗ ಬದಲಾದರೂ ಮಣ್ಣು ಬದಲಾಗಿರಲಿಲ್ಲ. ತೊಂಬತ್ತು ವರ್ಷ ಹಳೆಯ ಪ್ಯಾಜೆಟ್ಟನ ಮಾತು ಗೆದ್ದಿತು. ಈಗಿನವರು ಕೊಳಾಯಿಯನ್ನೂ ಮಣ್ಣನ್ನೂ ಎರಡನ್ನೂ ಒಪ್ಪುತ್ತಾರೆ: ಎಲ್ಲಿ ಇಳಿಯುವುದು ಎಂಬುದನ್ನು ಹೆಚ್ಚಾಗಿ ದಾರಿ ನಿರ್ಧರಿಸುತ್ತದೆ, ಇಳಿದಲ್ಲಿ ಉಳಿಯುವುದನ್ನು ಮಣ್ಣು.

ಹಾಗಾದರೆ ಚರ್ಮ ಎಂಥ ಮಣ್ಣು? ಒಂದೂವರೆಯಿಂದ ಎರಡು ಚದರ ಮೀಟರ್ ಹರವಿನ ದೊಡ್ಡ ಹೊಲ ಇದು. ಆದರೂ ಬೆಳೆ ಕಡಿಮೆ. ಚರ್ಮ ಸದಾ ಕಾವಲಿರುವ ಗಡಿನಾಡು, ರಕ್ಷಕ ಕೋಶಗಳ ಠಾಣೆ ಅಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಅದರ ಮೇಲೆ, ಒಂದೊಂದು ಅಂಗವೂ ರಾಸಾಯನಿಕ ಕರೆ ಹೊರಡಿಸುತ್ತಿರುತ್ತದೆ. ಆ ಕರೆಗೆ ತಕ್ಕ ಕಿವಿ ಇರುವ ಕೋಶ ಮಾತ್ರ ಅಲ್ಲಿ ನಿಲ್ಲುತ್ತದೆ. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದನ್ನು ತೋರಿಸಿತು. ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ದುಗ್ಧಗ್ರಂಥಿ, ಶ್ವಾಸಕೋಶ, ಯಕೃತ್ತು, ಮೂಳೆಮಜ್ಜೆಗಳ ಕರೆಯನ್ನು ಕೇಳುವ ಗ್ರಾಹಕಗಳು ದಂಡಿಯಾಗಿದ್ದವು. ಚರ್ಮದ ಮೇಲ್ಪದರ ಹೊರಡಿಸುವ ಕರೆ ಸಿಸಿಎಲ್27 ಎಂಬ ಪ್ರೊಟೀನು. ಅದನ್ನು ಕೇಳುವ ಕಿವಿ ಮೆಲನೋಮ ಕೋಶಗಳಲ್ಲಿ ಹೆಚ್ಚಿತ್ತು. ಮೆಲನೋಮ ಒಂದು ಕಡೆಯಿಂದ ಮತ್ತೊಂದು ಕಡೆಯ ಚರ್ಮಕ್ಕೆ ಸುಲಭವಾಗಿ ಹಾರುವುದೂ, ಮಿಕ್ಕ ಹೆಚ್ಚಿನ ಕ್ಯಾನ್ಸರುಗಳು ಚರ್ಮವನ್ನು ಬಿಟ್ಟು ಯಕೃತ್ತು ಮೂಳೆಗಳ ಕಡೆ ಹೋಗುವುದೂ ಇದರಿಂದ ಒಂದಿಷ್ಟು ಅರ್ಥವಾಗುತ್ತದೆ.

ಚರ್ಮಕ್ಕೆ ಬಂದವು ಸಾಮಾನ್ಯವಾಗಿ ಮೂಲ ಅಂಗದ ನೆರೆಯಲ್ಲೇ ಇಳಿಯುತ್ತವೆ: ಸ್ತನದ್ದು ಎದೆಯ ಮೇಲೆ, ಕರುಳಿನದು ಹೊಟ್ಟೆಯ ಮೇಲೆ, ಬಾಯಿಯದು ಕುತ್ತಿಗೆಗೆ. ತಲೆಬುರುಡೆಯ ಚರ್ಮಕ್ಕೆ ಮಾತ್ರ ದೂರದವೂ ಬರುತ್ತವೆ. ಅಲ್ಲಿ ರಕ್ತದ ಹರಿವು ಧಾರಾಳ. ಇನ್ನೊಂದು ದಾರಿ ಮನುಷ್ಯನೇ ಮಾಡಿಕೊಟ್ಟದ್ದು. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ದುರ್ಬೀನು ತೂರಿಸಿ ತೆಗೆದಾಗ, ಯಾರಿಗೂ ಗೊತ್ತಿಲ್ಲದ ಕ್ಯಾನ್ಸರ್ ಅದರೊಳಗೆ ಅಡಗಿದ್ದರೆ, ತಿಂಗಳುಗಳ ನಂತರ ಆ ರಂಧ್ರದ ಕಲೆಯಲ್ಲೇ ಗಂಟು ಏಳುವುದುಂಟು. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನಲ್ಲಿ ಹೆಚ್ಚು. ಹಾಗಾಗಿ ಅಲ್ಲಿನ ಸರ್ಜನ್ನರಿಗೆ ಇದು ಪರಿಚಿತ. ತೆಗೆದ ಪಿತ್ತಕೋಶವನ್ನು ಚೀಲದಲ್ಲಿ ಹಾಕಿ ಹೊರಗೆಳೆಯುವ ಪದ್ಧತಿಗೆ ಇದೂ ಒಂದು ಕಾರಣ.

ನೋಡಲು ಹೇಗಿರುತ್ತದೆ? ಇಲ್ಲೇ ತೊಡಕು. ಹೆಚ್ಚಾಗಿ ಕಡಲೆಕಾಳಿನಿಂದ ಅಡಿಕೆಯಷ್ಟು ಗಾತ್ರದ ಗಂಟು. ಮೈಬಣ್ಣದ್ದೇ, ಇಲ್ಲ ಕೆಂಪು ನೇರಳೆಯ ನಡುವಿನದು. ನೋವಿಲ್ಲ, ತುರಿಕೆಯಿಲ್ಲ. ಮುಟ್ಟಿದರೆ ರಬ್ಬರಿನಂತೆ ಗಟ್ಟಿ. ಕೊಬ್ಬಿನ ಗಂಟಾದರೆ ಬೆರಳಿನಡಿ ಮೆತ್ತಗೆ ಜಾರುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು ಕೆಲವೇ ವಾರಗಳಲ್ಲಿ ಏಳುತ್ತದೆ, ಒಂದರ ಪಕ್ಕ ಇನ್ನೊಂದು ಬರುತ್ತದೆ. ಕುರು ಆಗಿದ್ದರೆ ಬಿಸಿಯಿರುತ್ತದೆ, ಕೀವು ಕಟ್ಟಿ ಒಡೆಯುತ್ತದೆ. ಇದು ಸುಣ್ಣ ಬೆಲ್ಲ ಹಚ್ಚಿದರೂ ಬಾಯಿ ಮಾಡುವುದಿಲ್ಲ. ಮೂತ್ರಪಿಂಡದ ಕ್ಯಾನ್ಸರಿನ ಗಂಟು ತಲೆಯ ಮೇಲೆ ಚೆರ್ರಿ ಹಣ್ಣಿನಂತೆ ಕೆಂಪಗೆ ಎದ್ದು, ಬಾಚಣಿಗೆ ತಾಗಿದರೆ ರಕ್ತ ಸುರಿಸುವುದು ಇನ್ನೊಂದು ಬಗೆ.

ಎಲ್ಲವೂ ಗಂಟೇ ಆಗಿರಬೇಕೆಂದಿಲ್ಲ. ಸ್ತನ ಕ್ಯಾನ್ಸರ್ ಈ ವಿಷಯದಲ್ಲಿ ಬಹುರೂಪಿ. ಎದೆಯ ಚರ್ಮದ ದುಗ್ಧನಾಳಗಳೊಳಗೆ ಕೋಶಗಳು ತುಂಬಿಕೊಂಡಾಗ ಚರ್ಮ ಕೆಂಪಾಗಿ ಊದಿ, ಸೋಂಕಿನ ಬಾವಿನಂತೆಯೇ ಕಾಣುತ್ತದೆ. ಜ್ವರವಿಲ್ಲ, ಆಂಟಿಬಯೋಟಿಕ್ಕಿಗೆ ಜಗ್ಗುವುದಿಲ್ಲ. ಇನ್ನು ಕೆಲವರಲ್ಲಿ ಇಡೀ ಎದೆಯ ಚರ್ಮ ಬಿಗಿದು ತೊಗಲಿನ ಹಲಗೆಯಂತಾಗುತ್ತದೆ. ಫ್ರಾನ್ಸಿನ ವೆಲ್ಪೋ 1838ರಲ್ಲೇ ಇದನ್ನು ಕಂಡು ಸೈನಿಕರು ತೊಡುವ ಲೋಹದ ಎದೆಗವಚಕ್ಕೆ ಹೋಲಿಸಿದ. ಹೆಸರು ಹಾಗೇ ಉಳಿದಿದೆ. ತಲೆಯಲ್ಲಿ ರೂಪಾಯಿಯಗಲ ಕೂದಲು ಉದುರಿ ಹುಳ ತಿಂದ ಹಾಗೆ ಕಾಣುವುದೂ ಉಂಟು, ಅಡಿಯಲ್ಲಿ ಕ್ಯಾನ್ಸರ್ ಕೂದಲಬೇರನ್ನು ಹಿಸುಕಿರುತ್ತದೆ. ಎಲ್ಲಕ್ಕಿಂತ ಮೋಸಗೊಳಿಸುವುದು ಎದೆ ಬೆನ್ನಿನ ಒಂದೇ ಬದಿಗೆ ಪಟ್ಟಿಯಂತೆ ಸಾಲಾಗಿ ಏಳುವ ಗುಳ್ಳೆಗಳು. ನಮ್ಮಲ್ಲಿ ನೋಡಿದ ತಕ್ಷಣ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿದುಬಿಡುತ್ತಾರೆ. ಹೆಚ್ಚುಪಾಲು ಅದು ಸರ್ಪಸುತ್ತೇ ಆಗಿರುತ್ತದೆ, ಎರಡು ಮೂರು ವಾರದಲ್ಲಿ ಒಣಗುತ್ತದೆ. ತಿಂಗಳು ಕಳೆದರೂ ಒಣಗದೆ ಗಟ್ಟಿಯಾಗುತ್ತ ಹೋದರೆ ಮಾತ್ರ ಕೆಮ್ಮಣ್ಣನ್ನು ಪಕ್ಕಕ್ಕಿಡಬೇಕು.

ಕಣ್ಣಿನಿಂದ ತೀರ್ಮಾನಿಸಲಾಗದ್ದನ್ನು ತೀರ್ಮಾನಿಸುವುದು ಒಂದು ಪುಟ್ಟ ಕೊಳವೆ. ಪೆನ್ನಿನ ಗಾತ್ರದ ಹಿಡಿಕೆ, ತುದಿಯಲ್ಲಿ 4 ಮಿಲಿಮೀಟರ್ ಅಗಲದ ಉಂಗುರದಂಥ ಅಲಗು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಗಂಟಿನ ಮೇಲಿಟ್ಟು, ಬಾಟಲಿಯ ಬಿರಡೆ ತಿರುಗಿಸಿದಂತೆ ತಿರುಗಿಸುತ್ತಾರೆ. ಅಕ್ಕಿಕಾಳಿನಷ್ಟು ಮಾಂಸ ಕೈಗೆ ಬರುತ್ತದೆ, ಒಂದೆರಡು ಹೊಲಿಗೆ ಬೀಳುತ್ತದೆ. ಹದಿನೈದು ನಿಮಿಷದ ಕೆಲಸ. ಕ್ಯಾನ್ಸರಿಗೆ ಸೂಜಿ ಮುಟ್ಟಿಸಿದರೆ ಅದು ಕೆರಳಿ ಹರಡುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇಂಥ ಗಂಟು ಹರಡಿಯೇ ಅಲ್ಲಿಗೆ ಬಂದಿರುತ್ತದೆ. ಕೊಳವೆ ಹಾಕದೆ ಬಿಟ್ಟರೆ ಆಗುವ ನಷ್ಟವೇ ದೊಡ್ಡದು.

ಆ ಅಕ್ಕಿಕಾಳನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಹೆರೆದು, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಹೀಗೆ. ಮೇಲೆ ಚರ್ಮದ ಹೊರಪದರ, ನೇರಳೆ ಬಣ್ಣದ ಅಂಚು. ಅದಕ್ಕೆ ಏನೂ ಆಗಿಲ್ಲ, ಅಚ್ಚುಕಟ್ಟಾಗಿದೆ. ಅದರ ಕೆಳಗೆ ಖಾಲಿಯಾದ ಗುಲಾಬಿ ಪಟ್ಟಿ. ಜರ್ಮನ್ ಭಾಷೆಯಲ್ಲಿ ಗಡಿ ಎಂಬರ್ಥದ ಗ್ರೆಂಜ್ ಎಂಬ ಹೆಸರು ಅದಕ್ಕಿದೆ. ಪಟ್ಟಿಯ ಕೆಳಗೆ, ಗುಲಾಬಿ ನಾರುಗಳ ನಡುವೆ, ಕಡುನೀಲಿ ಕೋಶಗಳು ಗುಂಪು ಗುಂಪಾಗಿ. ಚರ್ಮದ್ದೇ ಸ್ವಂತ ಕ್ಯಾನ್ಸರ್ ಸಾಮಾನ್ಯವಾಗಿ ಮೇಲಿನ ಪದರದಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಇದು ಕೆಳಗಿನಿಂದ ಬಂದದ್ದು, ಇನ್ನೂ ಮೇಲಕ್ಕೆ ಮುಟ್ಟಿಲ್ಲ. ಗಂಟಿನ ಮೇಲಿನ ಚರ್ಮ ನುಣುಪಾಗಿ ಹೊಳೆಯುವುದೂ ಇದೇ ಕಾರಣಕ್ಕೆ. ಸ್ತನ ಕ್ಯಾನ್ಸರಿನ ಒಂದು ಬಗೆಯಲ್ಲಿ ಕೋಶಗಳು ನಾರುಗಳ ಸಂದಿಯಲ್ಲಿ ಒಂದರ ಹಿಂದೆ ಒಂದು ನಡೆದಿರುತ್ತವೆ. ಇದನ್ನು ಇಂಗ್ಲಿಷ್ ಪುಸ್ತಕಗಳು ಬಹಳ ಕಾಲ ಇಂಡಿಯನ್ ಫೈಲ್ ಎಂದು ಕರೆದವು. ಅದು ನಮ್ಮ ಇಂಡಿಯಾ ಅಲ್ಲ, ಕಾಡಿನಲ್ಲಿ ಒಬ್ಬರ ಹಿಂದೊಬ್ಬರು ನಡೆಯುವ ಅಮೆರಿಕದ ಮೂಲನಿವಾಸಿಗಳನ್ನು ನೆನೆದು ಇಟ್ಟ ಹೆಸರು. ಈಗ ಅದನ್ನು ಕೈಬಿಡುತ್ತಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಇರುವೆ ಸಾಲು. ಒಮ್ಮೆ ಕಂಡರೆ ಮರೆಯುವ ಹಾಗಿಲ್ಲ.

ಇಷ್ಟರಿಂದ ಕ್ಯಾನ್ಸರ್ ಎಂದು ತಿಳಿಯುತ್ತದೆ. ಯಾವ ಊರಿನಿಂದ ಬಂದದ್ದು ಎಂದು ತಿಳಿಯಲು ಇನ್ನೊಂದು ಹೆಜ್ಜೆ ಬೇಕು. ಊರು ಬಿಟ್ಟು ಎಷ್ಟು ದೂರ ಹೋದರೂ ಮಾತಿನ ಧಾಟಿ ಬಿಡದ ಮನುಷ್ಯರ ಹಾಗೆ, ಈ ಕೋಶಗಳು ಹುಟ್ಟಿದ ಅಂಗದ ಪ್ರೊಟೀನುಗಳನ್ನು ತಯಾರಿಸುತ್ತಲೇ ಇರುತ್ತವೆ. ಶ್ವಾಸಕೋಶದ್ದಾದರೆ ಟಿಟಿಎಫ್-1, ಕರುಳಿನದಾದರೆ ಸಿಡಿಎಕ್ಸ್2, ಸ್ತನದ್ದಾದರೆ ಗಾಟಾ-3, ಪ್ರಾಸ್ಟೇಟ್ ಆದರೆ ಪಿಎಸ್‌ಎ. ಆಯಾ ಪ್ರೊಟೀನನ್ನು ಹಿಡಿದು ಕಂದುಬಣ್ಣ ತಳೆಯುವ ಪ್ರತಿಕಾಯಗಳನ್ನು ಸ್ಲೈಡಿನ ಮೇಲೆ ಸುರಿದು ನೋಡುತ್ತಾರೆ. ಇವೂ ಸುಳ್ಳು ಹೇಳುವುದುಂಟು, ಒಂದೇ ಪ್ರೊಟೀನು ಎರಡು ಮೂರು ಅಂಗಗಳಲ್ಲಿರುವುದುಂಟು. ಆಗ ನೆರವಿಗೆ ಬರುವುದು ರೋಗಿಯ ಹಳೆಯ ಸ್ಲೈಡು. ಐದು ಹತ್ತು ವರ್ಷದ ಹಿಂದೆ ತೆಗೆದ ಗಡ್ಡೆಯ ಸ್ಲೈಡನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಅನುಮಾನ ಅಲ್ಲೇ ತೀರುತ್ತದೆ.

ಸಿಸ್ಟರ್ ಜೋಸೆಫ್ ಕಾಲದಲ್ಲಿ ಹೊಕ್ಕುಳಿನ ಗಂಟು ಅಂದರೆ ಮುಗಿದ ಕಥೆ. ಇಂದಿಗೂ ಅದು ಒಳ್ಳೆಯ ಸುದ್ದಿಯಲ್ಲ. ಜಠರ, ಶ್ವಾಸಕೋಶಗಳ ಕ್ಯಾನ್ಸರ್ ಚರ್ಮಕ್ಕೆ ಬಂದವರ ಮುಂದಿನ ಆಯುಷ್ಯವನ್ನು ಹೆಚ್ಚಾಗಿ ತಿಂಗಳುಗಳಲ್ಲೇ ಎಣಿಸಬೇಕಾಗುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಎಲ್ಲ ಕ್ಯಾನ್ಸರಿಗೂ ಒಂದೇ ಮಾತು ಹೇಳುವ ಕಾಲ ಹೋಯಿತು. ಹಾರ್ಮೋನಿಗೆ ಒಲಿಯುವ ಸ್ತನ ಕ್ಯಾನ್ಸರ್ ಇದ್ದವರು ಎದೆಯ ಮೇಲೆ ಗಂಟು ಬಂದ ಮೇಲೂ ವರ್ಷಗಟ್ಟಲೆ ಬದುಕುತ್ತಾರೆ. ಅಂಡಾಶಯದ ಕ್ಯಾನ್ಸರ್ ಹೊಕ್ಕುಳಿಗೆ ಬಂದಿದ್ದರೂ ಆಪರೇಷನ್ ಮತ್ತು ಕೀಮೋಥೆರಪಿಯಿಂದ ಹತೋಟಿಗೆ ಬಂದವರಿದ್ದಾರೆ. ಇನ್ನೂ ಒಂದು ಅನುಕೂಲವಿದೆ. ಶ್ವಾಸಕೋಶದ ಆಳಕ್ಕೋ ಯಕೃತ್ತಿಗೋ ಸೂಜಿ ಹಾಕಿ ಚೂರು ತೆಗೆಯುವುದಕ್ಕಿಂತ ಚರ್ಮದಿಂದ ತೆಗೆಯುವುದು ಎಷ್ಟೋ ಸುಲಭ, ಅಪಾಯವೂ ಕಡಿಮೆ. ಯಾವ ಔಷಧಿ ನಾಟೀತು ಎಂದು ತಿಳಿಸುವ ಜೀನ್ ಪರೀಕ್ಷೆಗಳಿಗೆ ಬೇಕಾದ ಮಾಂಸ ಆ ಅಕ್ಕಿಕಾಳಿನಲ್ಲೇ ಸಿಗುತ್ತದೆ. ಒಳಗಿನ ಚಿಕಿತ್ಸೆ ಫಲಿಸುತ್ತಿದೆಯೋ ಇಲ್ಲವೋ ಎಂಬುದನ್ನೂ ಗಂಟು ಕರಗುವುದನ್ನು ನೋಡಿ ಮನೆಯವರೇ ಒಂದಿಷ್ಟು ಊಹಿಸಬಹುದು.

ಗಂಟಿಗೇ ನೇರವಾಗಿ ಮಾಡುವ ಚಿಕಿತ್ಸೆಗಳೂ ಇವೆ. ಕತ್ತರಿಸುವುದು, ವಿಕಿರಣ ಕೊಡುವುದು ಹಳೆಯವು. ಫ್ರಾನ್ಸಿನ ಪ್ರಯೋಗಶಾಲೆಗಳಲ್ಲಿ ಹುಟ್ಟಿದ ಇನ್ನೊಂದು ಜಾಣ ಉಪಾಯವಿದೆ. ಬ್ಲಿಯೋಮೈಸಿನ್ ಎಂಬ ಔಷಧಿ ಕೋಶದೊಳಗೆ ಹೊಕ್ಕರೆ ಕೊಲ್ಲುತ್ತದೆ, ಆದರೆ ಕೋಶದ ಪೊರೆ ಅದನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಔಷಧಿ ಕೊಟ್ಟು, ಗಂಟಿಗೆ ಸೂಜಿಗಳನ್ನು ಚುಚ್ಚಿ, ಒಂದೊಂದೂ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನ ಎಂಟು ವಿದ್ಯುತ್ ಮಿಡಿತಗಳನ್ನು ಹಾಯಿಸುತ್ತಾರೆ. ಪೊರೆಯಲ್ಲಿ ಕ್ಷಣಕಾಲ ತೂತುಗಳು ತೆರೆದುಕೊಂಡು ಔಷಧಿ ಒಳಗೆ ನುಗ್ಗುತ್ತದೆ. ರೋಗವನ್ನು ಬುಡದಿಂದ ಕೀಳುವುದಲ್ಲ ಇದು. ರಕ್ತ ಸುರಿಸುತ್ತ, ಬಟ್ಟೆಗೆ ಅಂಟುತ್ತ ಕಾಡುವ ಗಂಟಿನಿಂದ ಬಿಡುಗಡೆ, ಅಷ್ಟೆ. ಅಷ್ಟೇ ಸಾಕಾಗಿರುತ್ತದೆ ಎಷ್ಟೋ ಜನಕ್ಕೆ.

ಕ್ಯಾನ್ಸರಿನ ಚರ್ಮದ ಹುಣ್ಣಿನಲ್ಲಿ ನೋವಿಗಿಂತ ಹೆಚ್ಚು ಹಿಂಸೆ ಕೊಡುವುದು ವಾಸನೆ. ಗಂಟು ಒಡೆದು, ಸತ್ತ ಮಾಂಸದಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸೇರಿಕೊಂಡಾಗ ಬರುವ ವಾಸನೆಗೆ ಮನೆಯವರೇ ಕೋಣೆಯ ಬಾಗಿಲು ಮುಚ್ಚುತ್ತಾರೆ. ತಟ್ಟೆ ಬೇರೆ, ಹಾಸಿಗೆ ಬೇರೆ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಒಬ್ಬರ ಗಂಟಿನ ಕೋಶ ಇನ್ನೊಬ್ಬರ ಚರ್ಮದ ಮೇಲೆ ಬಿದ್ದರೆ ಬೆಳೆಯುವುದಿಲ್ಲ. ವಾಸನೆಗೆ ಮದ್ದು ತೀರ ಅಗ್ಗದ್ದು. ಆಮಶಂಕೆಗೆ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ ಪಟ್ಟಿ ಕಟ್ಟಿದರೆ ಕೆಲವು ದಿನಗಳಲ್ಲಿ ವಾಸನೆ ಇಳಿಯುತ್ತದೆ. ಉಪಶಾಮಕ ಆರೈಕೆಯ ನರ್ಸುಗಳಿಗೆ ಇದು ದಿನನಿತ್ಯದ ಕೆಲಸ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಇಂಥ ಹುಣ್ಣು ತೊಳೆಯುವುದನ್ನು ಮನೆಯವರಿಗೂ ಕಲಿಸಿಕೊಡುತ್ತಾರೆ. ಪುಡಿ ಹಾಕುವ ಮುಂಚೆ ನಿಮ್ಮ ಡಾಕ್ಟರನ್ನೋ ನರ್ಸನ್ನೋ ಒಂದು ಮಾತು ಕೇಳಿ. ಆದರೆ ಕೇಳಿ, ಬಾಗಿಲು ಮುಚ್ಚಬೇಡಿ.

ಸಿಸ್ಟರ್ ಜೋಸೆಫ್ 1892ರಿಂದ ಆಸ್ಪತ್ರೆಯ ಮೇಲ್ವಿಚಾರಕಿಯಾಗಿದ್ದರು, ಸಾಯುವವರೆಗೂ. ತೀರಿಕೊಂಡದ್ದು 1939ರ ಮಾರ್ಚಿನಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಹಿರಿಯ ಮೇಯೋರ ಇನ್ನೊಬ್ಬ ಮಗ ಚಾರ್ಲ್ಸ್ ಮೇಯೋ, ಜುಲೈಯಲ್ಲಿ ಅಣ್ಣ ವಿಲಿಯಂ ಮೇಯೋ ಹೋದರು. ಹೊಕ್ಕುಳಿನ ಗಂಟಿಗೆ ತಮ್ಮ ಹೆಸರು ಬಂದದ್ದು ಆಕೆಗೆ ಗೊತ್ತಾಗಲಿಲ್ಲ.

ಕೊನೆಗೊಂದು ಮಾತು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದು ಹೋಗಿದ್ದರೆ. ಅವರಿಗೆ ತಲೆಗೆ ಎಣ್ಣೆ ತಿಕ್ಕುವಾಗ, ಬೆನ್ನು ಉಜ್ಜುವಾಗ, ಹಳೇ ಆಪರೇಷನ್ ಕಲೆಯ ಸುತ್ತ ಕೈಯಾಡಿಸುವಾಗ ಹೊಸದಾಗಿ ಎದ್ದ ಗಟ್ಟಿ ಗಂಟು ಸಿಕ್ಕರೆ, ಮೂರು ನಾಲ್ಕು ವಾರದಲ್ಲಿ ಅದು ಹೋಗದಿದ್ದರೆ, ಡಾಕ್ಟರಿಗೆ ತೋರಿಸಿ. ತೋರಿಸುವಾಗ ಹತ್ತು ವರ್ಷದ ಹಿಂದೆ ಕ್ಯಾನ್ಸರ್ ಇತ್ತು ಎಂಬುದನ್ನು ಮರೆಯದೆ ಹೇಳಿ; ವಾಸಿಯಾದದ್ದು ಯಾಕೆ ಹೇಳಬೇಕು ಎಂದು ಹೆಚ್ಚಿನವರು ಹೇಳುವುದೇ ಇಲ್ಲ. ಅಟ್ಟದ ಮೇಲಿರುವ ಹಳೆಯ ಬಯಾಪ್ಸಿ ರಿಪೋರ್ಟು, ಸ್ಲೈಡು, ಮೇಣದ ಬ್ಲಾಕು ಇದ್ದರೆ ಅವನ್ನೂ ಒಯ್ಯಿರಿ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಫೈಲನ್ನು ಎಸೆಯಬೇಡಿ.